ಬೆಕ್ಕಿನ ಸಿಕ್ಕಿಗೆ ಬ್ರಷ್ಷಾ, ಬಾಚಣಿಗೆಯಾ, ಎಣ್ಣೆಯಾ, ಮಷೀನಾ?

ನಮ್ಮ ಬೆಣ್ಣೆ ಪರ್ಷಿಯನ್ ಬೆಕ್ಕು. ವಯಸ್ಸು ಒಂಬತ್ತು, ತೂಕ ಆರೂವರೆ ಕಿಲೋ. ಕಳೆದ ಮಳೆಗಾಲದಲ್ಲಿ ಒಂದು ದಿನ ಎತ್ತಿಕೊಂಡಾಗ ಕಂಕುಳಲ್ಲಿ ಅಡಿಕೆಯಷ್ಟು ದೊಡ್ಡ ಗಂಟು ಕೈಗೆ ಸಿಕ್ಕಿತು. ಗಡ್ಡೆಯೇನೋ ಅಂತ ಎದೆ ಧಸಕ್ಕೆಂದಿತು. ಬಿಡಿಸಿ ನೋಡಿದರೆ ಬರೀ ಕೂದಲು. ಹುಡುಕಿದಾಗ ಕಿವಿಯ ಹಿಂದೆ, ಹೊಟ್ಟೆಯಡಿ, ಬಾಲದ ಬುಡದಲ್ಲೂ ಸಿಕ್ಕು. ದಿನಾ ಬ್ರಷ್ ಮಾಡುತ್ತಿದ್ದೆ, ಆದರೂ ಹೀಗೆ!

ತಪ್ಪು ಬ್ರಷ್ಷಿನದೇ. ನನ್ನ ಹತ್ತಿರ ಇದ್ದದ್ದು ಸಣ್ಣ ತಂತಿಗಳ ಸ್ಲಿಕ್ಕರ್ ಬ್ರಷ್. ಅದು ಮೇಲಿನ ಉದ್ದ ಕೂದಲನ್ನು ಚಂದ ಮಾಡುತ್ತದೆ. ಉದುರಿದ ಒಳಗಿನ ಮೆತ್ತನೆ ಕೂದಲು ಮಾತ್ರ ಅಲ್ಲೇ ಉಳಿದು ಹೆಣೆದುಕೊಳ್ಳುತ್ತದೆ. ಸ್ಟೀಲ್ ಬಾಚಣಿಗೆ ತಂದೆ, ಅರ್ಧ ಭಾಗ ಅಗಲ ಹಲ್ಲು, ಅರ್ಧ ಭಾಗ ಒತ್ತು ಹಲ್ಲು. ಬ್ರಷ್ ಆದ ಮೇಲೆ ಅದನ್ನು ಚರ್ಮದ ಹತ್ತಿರದಿಂದ ಎಳೆದರೆ ನಾಲ್ಕು ಕಡೆ ತಡೆಯಿತು. ಸತ್ಯ ಹೇಳುವುದು ಬಾಚಣಿಗೆಯೇ. ಗಂಟಿನ ಬುಡವನ್ನು ಬೆರಳಲ್ಲಿ ಗಟ್ಟಿಯಾಗಿ ಹಿಡಿದು, ಹೆಣ್ಣುಮಕ್ಕಳ ಜಡೆಯ ಸಿಕ್ಕು ಬಿಡಿಸುವ ಹಾಗೆ ತುದಿಯಿಂದ ಶುರು ಮಾಡಬೇಕು. ಬುಡ ಹಿಡಿದರೆ ಚರ್ಮ ಎಳೆಯುವುದಿಲ್ಲ, ಬೆಕ್ಕೂ ಕಚ್ಚುವುದಿಲ್ಲ. ಸರಿ, ಕಮ್ಮಿ ಕಚ್ಚುತ್ತದೆ.

ಅಮ್ಮನದು ಬೇರೆ ಮದ್ದು. "ಕೊಬ್ಬರಿ ಎಣ್ಣೆ ಹಚ್ಚು ಮಾರಾಯ್ತಿ, ಸಿಕ್ಕು ತಾನಾಗಿ ಬಿಡುತ್ತೆ." ಹಚ್ಚಿದೆ. ಸ್ವಲ್ಪ ಬಿಟ್ಟಿತು, ನಿಜ. ಆದರೆ ಬೆಣ್ಣೆ ಅದನ್ನೆಲ್ಲ ನೆಕ್ಕಿ ಎರಡು ದಿನ ಹೊಟ್ಟೆ ಕೆಡಿಸಿಕೊಂಡಿತು. ಮೈಗೆ ಧೂಳು ಅಂಟಿತು. ಎಣ್ಣೆ ತೆಗೆಯಲು ಸ್ನಾನ ಮಾಡಿಸಿದ್ದು ಇನ್ನೂ ದೊಡ್ಡ ತಪ್ಪು: ನೀರು ಬಿದ್ದ ಸಿಕ್ಕು ಒಣಗುವಾಗ ಬಿಗಿದು ಕಂಬಳಿಯ ತುಂಡಿನಂತಾಯಿತು. ಇದಕ್ಕಿಂತ ಅಡುಗೆಮನೆಯ ಕಾರ್ನ್‌ಫ್ಲೋರ್ ಎಷ್ಟೋ ವಾಸಿ. ಒಂದು ಚಿಟಿಕೆ ಗಂಟಿನೊಳಗೆ ತಿಕ್ಕಿದರೆ ಎಳೆಗಳು ಜಾರಿ ಬಿಡಿಸಿಕೊಳ್ಳುತ್ತವೆ. ಟಾಲ್ಕಂ ಪೌಡರ್ ಬೇಡ, ಅದರ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ಕತ್ತರಿ ವಿಷಯ ಹೇಳಲು ನಾಚಿಕೆ. ಕಂಕುಳಿನ ಗಂಟನ್ನು 'ಸುಮ್ನೆ ಒಂದು ಚೂರು' ಕತ್ತರಿಸಲು ಹೋದೆ. ಬೆಕ್ಕಿನ ಚರ್ಮ ತೀರಾ ತೆಳು. ಗಂಟಿನ ಜೊತೆ ಅದೂ ಮೇಲಕ್ಕೆದ್ದು ನಿಲ್ಲುತ್ತದೆ, ಕೂದಲು ಎಲ್ಲಿ ಮುಗಿಯಿತು ಅಂತ ಕಾಣುವುದೇ ಇಲ್ಲ. ಎರಡು ಹೊಲಿಗೆ ಬಿತ್ತು. ಸಿಕ್ಕು ಸೀಳುವ ಬಾಗಿದ ಬ್ಲೇಡಿನ ಸಾಧನ ಕಿವಿಯ ಹಿಂದಿನ ಸಡಿಲ ಗಂಟಿಗೆ ಚೆನ್ನಾಗಿ ಬಂತು. ಚರ್ಮ ಮಡಿಚುವ ಕಂಕುಳಿಗೆ, ಹೊಟ್ಟೆಗೆ ಅದನ್ನೂ ಮುಟ್ಟಿಸಲಿಲ್ಲ.

ಯಜಮಾನರ ಗಡ್ಡದ ಟ್ರಿಮ್ಮರ್ ಅರ್ಧ ನಿಮಿಷಕ್ಕೇ ಸಿಕ್ಕಿಹಾಕಿಕೊಂಡಿತು. ಅಷ್ಟು ಒತ್ತು ಕೂದಲಿಗೆ ಅದು ಮಾಡಿದ್ದಲ್ಲ, ಅದರ ಸದ್ದಿಗೆ ಬೆಣ್ಣೆ ಮಂಚದಡಿಯಿಂದ ಹೊರಗೇ ಬರಲಿಲ್ಲ. ಕೊನೆಗೆ ವೆಟ್ ಹತ್ತಿರವೇ ಹೋದೆ. ವಯಸ್ಸಾದ ಬೆಕ್ಕು ಅಂತ ಮೊದಲು ರಕ್ತ ಪರೀಕ್ಷೆ, ಆಮೇಲೆ ಮಂಪರಿನ ಇಂಜೆಕ್ಷನ್, ಆಮೇಲೆ ಚರ್ಮದ ಹತ್ತಿರಕ್ಕೇ ಕೂದಲು ಬೋಳಿಸುವ ಹತ್ತನೇ ನಂಬರ್ ಬ್ಲೇಡಿನ ಕ್ಲಿಪ್ಪರ್ ಮಷೀನು. ಖರ್ಚು ಜಾಸ್ತಿ. ಆದರೆ ಗಂಟಿನಡಿ ಚರ್ಮ ಕೆಂಪಾಗಿ ಒದ್ದೆಯಾಗಿದ್ದು ಕಂಡಾಗ, ಇಷ್ಟು ದಿನ ಮನೆಯಲ್ಲಿ ಎಳೆದಾಡಿದ್ದಕ್ಕೆ ಬೇಜಾರಾಯಿತು. ಚರ್ಮಕ್ಕೆ ಅಂಟಿದ ಸಿಕ್ಕಿಗೆ ಬಾಚಣಿಗೆಯೂ ಬೇಡ, ನೇರ ಅಲ್ಲಿಗೇ ಹೋಗಿ.

ಹೋದದ್ದಕ್ಕೆ ಇನ್ನೊಂದು ಲಾಭವೂ ಆಯಿತು. "ಬಾಲದ ಬುಡ, ಹೊಟ್ಟೆ... ಇದಕ್ಕೆ ನಾಲಿಗೆ ಅಲ್ಲಿಗೆ ಮುಟ್ಟುತ್ತಾ ಮೇಡಂ?" ಅಂತ ಡಾಕ್ಟರ್ ಕೇಳಿದರು. ಯೋಚಿಸಿದರೆ, ಹಿಂದೆ ತಿರುಗಿ ನೆಕ್ಕಿಕೊಳ್ಳುವುದನ್ನು ಅದು ಬಿಟ್ಟು ತಿಂಗಳುಗಳೇ ಆಗಿದ್ದವು. ಸೊಕ್ಕು ಅಂದುಕೊಂಡಿದ್ದೆ. ಎಕ್ಸ್‌ರೇಯಲ್ಲಿ ಸೊಂಟದ ಕೀಲು ಸವೆದಿತ್ತು. ಜೊತೆಗೆ ಬೊಜ್ಜು ಬೇರೆ. ಯಾವ ಬ್ರಷ್ ತಾನೇ ಇದನ್ನು ಹೇಳುತ್ತಿತ್ತು, ಅಲ್ವಾ?

ಈಗ ನೋವಿಗೆ ಔಷಧಿ ನಡೆಯುತ್ತಿದೆ, ಊಟ ಅಳತೆ ಮಾಡಿ ಹಾಕುತ್ತೇವೆ. ರಾತ್ರಿ ಎರಡೇ ನಿಮಿಷ ಬಾಚಣಿಗೆ: ಒಂದು ದಿನ ಕಂಕುಳು, ಮರುದಿನ ಹೊಟ್ಟೆ. ಕಳೆದ ವಾರ ಬೆಣ್ಣೆ ತಾನೇ ತಿರುಗಿ ಬಾಲದ ಬುಡ ನೆಕ್ಕಿಕೊಂಡಿತು. ಸ್ಲಿಕ್ಕರ್ ಬ್ರಷ್ ಸೋಫಾದ ಕೂದಲು ತೆಗೆಯಲು ಇಟ್ಟಿದ್ದೇನೆ. ಅದಕ್ಕೆ ಭಾರೀ ಚೆನ್ನಾಗಿದೆ.