ಬೋಡ್‌ಮಾಸ್ ಗೋಡೆ ಚಾರ್ಟ್: ತಿದ್ದಿ ತೂಗುಹಾಕಿದರೆ ಪರವಾಗಿಲ್ಲ

ಮಡಿಕೇರಿ, ಕುಶಾಲನಗರದ ಸ್ಟೇಷನರಿ ಅಂಗಡಿಗಳಲ್ಲಿ ಮಗ್ಗಿ ಚಾರ್ಟಿನ ಜೊತೆಗೇ ಸುರುಳಿ ಸುತ್ತಿಟ್ಟಿರುವ ಬೋಡ್‌ಮಾಸ್ ಚಾರ್ಟ್ ಇದು; ಒಂದೇ ಲೆಕ್ಕದಲ್ಲಿ ಹಲವು ಕ್ರಿಯೆಗಳಿದ್ದರೆ ಯಾವುದು ಮೊದಲು ಎಂದು ಹೇಳುತ್ತದೆ. ಅಕ್ಷರ ದಪ್ಪ, ಹಿಂದಿನ ಬೆಂಚಿಗೂ ಕಾಣುತ್ತದೆ. ತಕರಾರು ಇರುವುದು ಜೋಡಣೆಯಲ್ಲಿ.

ಆವರಣ, ‘ಆಫ್’, ಭಾಗಾಕಾರ, ಗುಣಾಕಾರ, ಸಂಕಲನ, ವ್ಯವಕಲನ ಇವುಗಳ ಆರು ಇಂಗ್ಲಿಷ್ ಅಕ್ಷರಗಳನ್ನು (B, O, D, M, A, S) ಒಂದರ ಕೆಳಗೊಂದು ಅಚ್ಚುಹಾಕಿದ್ದಾರೆ. ಮಕ್ಕಳು ಕಂಡಂತೆಯೇ ಓದುತ್ತಾರೆ: ಭಾಗಾಕಾರ ಮುಗಿದ ಮೇಲೇ ಗುಣಾಕಾರ, ಕೂಡಿದ ಮೇಲೇ ಕಳೆಯುವುದು. 18 − 6 ÷ 3 + 4 × (5 − 2) ಕೊಟ್ಟು ನೋಡಿ. ಆವರಣದ್ದು 3, ಭಾಗಿಸಿದರೆ 2, ಗುಣಿಸಿದರೆ 12. 18 − 2 + 12 ತನಕ ಸರಿಯಾಗಿಯೇ ಬರುತ್ತಾರೆ. ಅಲ್ಲಿ ಚಾರ್ಟ್ ನಂಬಿದ ಮಗು 2 ಮತ್ತು 12 ಮೊದಲು ಕೂಡಿ, 18ರಿಂದ 14 ಕಳೆದು 4 ಎಂದು ಬರೆಯುತ್ತದೆ. ಸರಿ ಉತ್ತರ 28.

ಹಾಗಾಗಿ ತಂದ ದಿನವೇ ಕತ್ತರಿ ಹಿಡಿಯಿರಿ. ಭಾಗಾಕಾರ–ಗುಣಾಕಾರ ಒಂದೇ ಸಾಲಿಗೆ, ಸಂಕಲನ–ವ್ಯವಕಲನ ಇನ್ನೊಂದು ಸಾಲಿಗೆ ಅಂಟಿಸಿ, ಎರಡರ ಕೆಳಗೂ ಎಡದಿಂದ ಬಲಕ್ಕೆ ಕೆಂಪು ಬಾಣ ಎಳೆಯಿರಿ. ಆರು ಮೆಟ್ಟಿಲು ನಾಲ್ಕಾಗುತ್ತದೆ. ಎರಡನೇ ಮೆಟ್ಟಿಲಾದ ‘ಆಫ್’ಗೆ, ಅಂದರೆ ‘ಇಷ್ಟರ ಇಷ್ಟು ಭಾಗ’ ಎಂಬುದಕ್ಕೆ, ಉದಾಹರಣೆಯೇ ಇಲ್ಲ; ಖಾಲಿ ಜಾಗದಲ್ಲಿ ‘12 ÷ 8ರ ½ = 12 ÷ 4 = 3’ ಎಂದು ಬರೆದುಬಿಡಿ.

ಏಕೆ ಗುಣಾಕಾರ ಮೊದಲು ಎಂಬುದಕ್ಕೂ ಚಾರ್ಟಿನಲ್ಲಿ ಉತ್ತರವಿಲ್ಲ. ಮೇಜಿನ ಮೇಲೆ 2 ಕಿತ್ತಳೆ, ಪಕ್ಕದಲ್ಲಿ ನಾಲ್ನಾಲ್ಕು ಕಿತ್ತಳೆಯ 3 ಬುಟ್ಟಿ ಇಟ್ಟು ಎಣಿಸಲು ಹೇಳಿ. 2 + 3 × 4 ಅಂದರೆ 14 ಎಂದು ಅವರೇ ಹೇಳುತ್ತಾರೆ. 20 ಎಂದವರಿಗೆ ಉಳಿದ 6 ಕಿತ್ತಳೆ ಎಲ್ಲಿ ಎಂದು ಕೇಳಿದರೆ ಸಾಕು. ಅಂಗಡಿಯ ಸಾದಾ ಕ್ಯಾಲ್ಕುಲೇಟರಿನಲ್ಲಿ ಇದನ್ನೇ ಒತ್ತಿದರೆ ಸಾಮಾನ್ಯವಾಗಿ 20 ಬರುತ್ತದೆ, ಮೊಬೈಲಿನಲ್ಲಿ 14. ಸಾದಾ ಯಂತ್ರ ಒತ್ತಿದ ಕ್ರಮದಲ್ಲೇ ಲೆಕ್ಕ ಮಾಡುತ್ತಾ ಹೋಗುವುದೇ ಕಾರಣ. ಮಕ್ಕಳ ಉತ್ತರ ತಾಳೆ ನೋಡಲು ಅದನ್ನು ಕೊಡಬೇಡಿ.

ಲ್ಯಾಮಿನೇಷನ್ ಇಲ್ಲದ ಚಾರ್ಟ್ ನಮ್ಮ ಮಳೆಗೆ ಲಾಯಕ್ಕಿಲ್ಲ, ಜುಲೈಯಲ್ಲಿ ಬೂಷ್ಟು ಹಿಡಿಯುತ್ತದೆ. ಪ್ಲಾಸ್ಟಿಕ್ ಅಂಚು ಕಾಗದಕ್ಕಿಂತ ಕಾಲಿಂಚಾದರೂ ಹೊರಗಿರಲಿ, ತೂತು ಆ ಅಂಚಿನಲ್ಲೇ ಬೀಳಲಿ. ಕಾಗದಕ್ಕೆ ತೂತು ಬಿದ್ದರೆ ತೇವ ಒಳಗಿಳಿಯುತ್ತದೆ. ಒದ್ದೆ ಗೋಡೆಗೆ ಟೇಪ್ ನಿಲ್ಲುವುದಿಲ್ಲ, ಮೊಳೆ–ದಾರವೇ ಸರಿ. ಕತ್ತರಿಸಿ ಅಂಟಿಸುವ ಕೆಲಸ ಲ್ಯಾಮಿನೇಷನ್‌ಗೆ ಮೊದಲೇ ಮುಗಿಯಬೇಕಾದ್ದರಿಂದ ಸಾದಾ ಕಾಗದದ್ದನ್ನೇ ಕೊಳ್ಳಿ.

ಇದ್ದ ಹಾಗೆ ಐದಕ್ಕೆ ಎರಡು, ತಿದ್ದಿದ ಮೇಲೆ ನಾಲ್ಕು.