ಪಟಾಕಿ ಸದ್ದು ಮತ್ತು ಸಾಕುಪ್ರಾಣಿ: ಮಾಡಿನೋಡಿದ ಉಪಾಯಗಳಲ್ಲಿ ಯಾವುದು ಮೇಲು?

ನಮ್ಮ ಮನೆಯಲ್ಲಿ ಒಂದು ನಾಯಿ, ಒಂದು ಬೆಕ್ಕು. ನಾಯಿ ಚಿಂಟು, ಬೆಕ್ಕು ಮಿನ್ನಿ. ಇಬ್ಬರಿಗೂ ಪಟಾಕಿ ಅಂದರೆ ಆಗುವುದಿಲ್ಲ. ಆದರೆ ಹೆದರುವ ರೀತಿ ಮಾತ್ರ ಪೂರ್ತಿ ಬೇರೆ ಬೇರೆ. ಚಿಂಟು ಏದುಸಿರು ಬಿಡುತ್ತಾ ಕೋಣೆಯಿಂದ ಕೋಣೆಗೆ ಅಲೆಯುತ್ತಾನೆ, ಜೊಲ್ಲು ಸುರಿಸುತ್ತಾನೆ, ಬಾಲ ಹೊಟ್ಟೆಯಡಿ ಸೇರಿಕೊಂಡಿರುತ್ತದೆ. ಮಿನ್ನಿ ಸದ್ದೇ ಮಾಡದೆ ಮಾಯವಾಗುತ್ತಾಳೆ. ಕೆಲವು ವರ್ಷಗಳಿಂದ ಇವರಿಬ್ಬರಿಗಾಗಿ ಸಿಕ್ಕ ಉಪಾಯಗಳನ್ನೆಲ್ಲ ಒಂದೊಂದಾಗಿ ಮಾಡಿನೋಡಿದ್ದೇವೆ. ಯಾವುದು ಎಷ್ಟರಮಟ್ಟಿಗೆ ಕೆಲಸಕ್ಕೆ ಬಂತು ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಅಳತೆಯ ಮಾತು. ಪ್ರಾಣಿ ಅಲ್ಲಾಡದೆ ಮಲಗಿದೆ ಅಂದಮಾತ್ರಕ್ಕೆ ಉಪಾಯ ಫಲಿಸಿತು ಅಂತ ನಾನು ಒಪ್ಪುವುದಿಲ್ಲ. ಹೆದರಿ ಮರಗಟ್ಟಿದ ಪ್ರಾಣಿಯೂ ಅಲ್ಲಾಡುವುದಿಲ್ಲ. ಸುಮ್ಮನಾಗುವುದು ಬೇರೆ, ಸಮಾಧಾನವಾಗುವುದು ಬೇರೆ. ಹಾಗಾಗಿ ನಾನು ನೋಡುವುದು ಎರಡು ಸಂಗತಿ. ಸದ್ದಿನ ನಡುವೆ ಅದಕ್ಕೆ ತುಂಬಾ ಇಷ್ಟದ ತಿಂಡಿ ಕೊಟ್ಟರೆ ತಿನ್ನುತ್ತದಾ? ಸದ್ದು ನಿಂತ ಮೇಲೆ ಮಾಮೂಲಿಗೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆ? ತೀರಾ ಹೆದರಿದ ನಾಯಿ ಮಾಂಸದ ತುಂಡು ಮೂಗಿನ ಮುಂದಿದ್ದರೂ ಮುಟ್ಟುವುದಿಲ್ಲ. ಇನ್ನೊಂದು ಗುರುತು ನೆಲದ ಮೇಲೆ ಸಿಗುತ್ತದೆ. ನಾಯಿಗಳಿಗೆ ಬೆವರು ಬರುವುದು ಹೆಚ್ಚಾಗಿ ಪಾದದಲ್ಲಿ. ಚಿಂಟು ಹೆದರಿದ ರಾತ್ರಿ ಟೈಲ್ಸ್ ಮೇಲೆ ಅವನ ಪಂಜದ ಒದ್ದೆ ಅಚ್ಚುಗಳು ಸಾಲಾಗಿ ಬಿದ್ದಿರುತ್ತವೆ. ಬೆಳಕಿಗೆ ಓರೆಯಾಗಿ ನೋಡಿದರೆ ಚೆನ್ನಾಗಿ ಕಾಣುತ್ತವೆ. ಅವನು ಮುಖದಲ್ಲಿ ತೋರಿಸಿಕೊಳ್ಳದಿದ್ದರೂ ನೆಲ ಹೇಳಿಬಿಡುತ್ತದೆ.

ಇಷ್ಟೊಂದು ಹೆದರಿಕೆ ಯಾಕೆ ಅಂತ ಕೇಳುವವರಿದ್ದಾರೆ. ಸ್ವರ ಎಷ್ಟು ಏರಿದೆ ಅನ್ನುವುದನ್ನು ಹರ್ಟ್ಜ್‌ನಲ್ಲಿ ಅಳೆಯುತ್ತಾರೆ. ಮನುಷ್ಯರ ಕಿವಿಗೆ ಹೆಚ್ಚೆಂದರೆ 20,000 ಹರ್ಟ್ಜ್‌ವರೆಗಿನ ಸದ್ದು ಕೇಳುತ್ತದೆ. ನಾಯಿಗೆ ಸುಮಾರು 45,000ದವರೆಗೆ ಕೇಳುತ್ತದೆ. ಬೆಕ್ಕಿಗೆ 60,000ಕ್ಕೂ ಮೇಲಿನದು ಕೇಳುತ್ತದೆ. ಅದಕ್ಕಿಂತ ಮುಖ್ಯ, ಸದ್ದು ಎಲ್ಲಿಂದ ಬರುತ್ತದೆ, ಮತ್ತೆ ಯಾವಾಗ ಬರುತ್ತದೆ, ಯಾವಾಗ ಮುಗಿಯುತ್ತದೆ ಅನ್ನುವುದು ಅವಕ್ಕೆ ಗೊತ್ತಾಗುವುದೇ ಇಲ್ಲ. ನಮಗೆ ಗೊತ್ತಿರುತ್ತದೆ, ಅದಕ್ಕೇ ತಡೆದುಕೊಳ್ಳುತ್ತೇವೆ.

ಅಡಗುವ ಜಾಗ

ಎಲ್ಲರೂ ಮೊದಲು ಹೇಳುವ ಉಪಾಯ ಇದು. ನಾವು ಒಳಕೋಣೆಯಲ್ಲಿ ಚಿಂಟುವಿಗೆ ಹಾಸಿಗೆ ಹಾಸಿ, ಪರದೆ ಎಳೆದು, ಮೇಜಿನ ಮೇಲಿಂದ ದಪ್ಪ ಕಂಬಳಿ ಇಳಿಬಿಟ್ಟು ಗುಹೆ ಥರ ಮಾಡಿದೆವು. ಅವನು ಒಮ್ಮೆ ಮೂಸಿನೋಡಿ ನೇರ ಬಚ್ಚಲಿಗೆ ಹೋಗಿ ಬಕೆಟ್ ಹಿಂದೆ ಕೂತ. ಆಮೇಲೆ ಯೋಚಿಸಿದರೆ ಅವನ ಆಯ್ಕೆಯೇ ಸರಿ. ಬಚ್ಚಲಿಗೆ ಇರುವುದು ಒಂದೇ ಸಣ್ಣ ಕಿಟಕಿ, ಸುತ್ತ ಗೋಡೆ, ಬೆಳಕು ಮಿನುಗುವುದಿಲ್ಲ. ಈಗ ಹಾಸಿಗೆಯನ್ನೇ ಅಲ್ಲಿಗೆ ಒಯ್ಯುತ್ತೇವೆ, ನೆಲ ಒಣಗಿಸಿ ಕಂಬಳಿ ಹಾಸುತ್ತೇವೆ. ಪ್ರಾಣಿ ತಾನೇ ಆರಿಸಿದ ಜಾಗಕ್ಕೂ ನಾವು ಆರಿಸಿಕೊಟ್ಟ ಜಾಗಕ್ಕೂ ಅಜಗಜಾಂತರ. ಬಾಗಿಲು ಮಾತ್ರ ಯಾವತ್ತೂ ಹಾಕಬಾರದು. ಹೊರಗೆ ಬರಲು ದಾರಿ ಇಲ್ಲ ಅಂತಾದರೆ ಅದೇ ಜಾಗ ಬೋನಾಗುತ್ತದೆ. ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುವ ನಾಯಿಗಳಿವೆ.

ಮಿನ್ನಿಯ ವಿಷಯದಲ್ಲಿ ಈ ಒಂದು ಉಪಾಯಕ್ಕೇ ನೂರಕ್ಕೆ ನೂರು ಅಂಕ. ಬೀರುವಿನ ಮೇಲೆ ಒಂದು ರಟ್ಟಿನ ಪೆಟ್ಟಿಗೆ, ಒಳಗೆ ಹಳೇ ಸ್ವೆಟರ್. ಹತ್ತಲು ಪಕ್ಕದಲ್ಲೊಂದು ಸ್ಟೂಲು. ನೀರು ಮತ್ತು ಅವಳ ಮರಳಿನ ತಟ್ಟೆ ಅದೇ ಕೋಣೆಯಲ್ಲಿ. ಹೆದರಿದ ಬೆಕ್ಕು ಮನೆ ದಾಟಿ ಮರಳಿನ ತಟ್ಟೆಗೆ ಹೋಗುವುದಿಲ್ಲ, ಮೂತ್ರ ಕಟ್ಟಿಕೊಂಡು ಕೂತಿರುತ್ತದೆ. ಆತಂಕದಿಂದ ಮೂತ್ರಕೋಶಕ್ಕೆ ಉರಿಯೂತ ಬರುವುದು ಬೆಕ್ಕುಗಳಲ್ಲಿ ಮಾಮೂಲು. ಗಂಡು ಬೆಕ್ಕಿಗಾದರೆ ಮೂತ್ರನಾಳವೇ ಕಟ್ಟಿಕೊಂಡು ಪ್ರಾಣಕ್ಕೆ ಬರಬಹುದು. ಅವಳನ್ನು ಸಮಾಧಾನ ಮಾಡಬೇಕು ಅಂತ ಪೆಟ್ಟಿಗೆಯಿಂದ ಎಳೆದು ತೊಡೆ ಮೇಲೆ ಕೂರಿಸಿಕೊಳ್ಳುವುದು ಮಾತ್ರ ಬೇಡವೇ ಬೇಡ. ಬೆಕ್ಕಿಗೆ ಅಡಗುವುದೇ ಸಮಾಧಾನ.

ಸದ್ದನ್ನು ಸದ್ದಿನಿಂದ ಮುಚ್ಚುವುದು

ಟಿವಿ, ಮೆಲು ಸಂಗೀತ, ಫ್ಯಾನು, ಫೋನಿನಲ್ಲಿ ಮಳೆ ಸದ್ದು, ಎಲ್ಲವನ್ನೂ ಹಾಕಿನೋಡಿದೆವು. ಚಟಪಟ ಸದ್ದು, ರಾಕೆಟ್ಟಿನ ಸುಯ್ ಅನ್ನುವ ಸೀಟಿ, ದೂರದ ಸರಪಟಾಕಿ, ಇವೆಲ್ಲ ಫ್ಯಾನಿನ ಸದ್ದಿನಲ್ಲಿ ಚೆನ್ನಾಗಿಯೇ ಮುಳುಗುತ್ತವೆ. ಢಂ ಅನ್ನುವ ದಪ್ಪ ಸದ್ದು ಮುಳುಗುವುದಿಲ್ಲ. ಕೆಳಸ್ತರದ ಸದ್ದು ಗೋಡೆ ದಾಟಿ ಬರುತ್ತದೆ, ನೆಲವನ್ನೂ ನಡುಗಿಸುತ್ತದೆ. ಫೋನಿನ ಪುಟ್ಟ ಸ್ಪೀಕರ್‌ಗೆ ಅಂಥ ದಪ್ಪ ಸದ್ದು ಹೊರಡಿಸುವ ಶಕ್ತಿಯೇ ಇಲ್ಲ, ಇನ್ನು ಅದನ್ನು ಮುಚ್ಚುವುದೆಲ್ಲಿ ಬಂತು? ನಮ್ಮಲ್ಲಿ ಗೆದ್ದದ್ದು ನೆಲದ ಮೇಲಿಡುವ ದೊಡ್ಡ ಫ್ಯಾನು. ಟಿವಿ ಸೋತಿತು. ಅದರಲ್ಲಿ ಮಾತಿನ ನಡುವೆ ಬರುವ ಮೌನದಲ್ಲೇ ಢಂ ಅಂದುಬಿಡುತ್ತದೆ, ಚಿಂಟು ಇನ್ನೂ ಜಾಸ್ತಿ ಬೆಚ್ಚುತ್ತಾನೆ. ಮೆಲು ಸಂಗೀತವೂ ಅಷ್ಟೇ. ಫ್ಯಾನು ಹಾಕಿದಾಗ ಅವನ ಅಲೆದಾಟ ಕಡಿಮೆಯಾಯಿತು, ತಿಂಡಿ ಮಾತ್ರ ಮುಟ್ಟಲಿಲ್ಲ. ಅಂದರೆ ಅರ್ಧ ಕೆಲಸ.

ನಾಯಿಗಳಿಗಂತಲೇ ಸಿಗುವ ಕಿವಿಮುಚ್ಚುಗೆಯನ್ನೂ ತಂದೆವು. ಚಿಂಟು ಗೋಡೆಗೆ ತಲೆ ಉಜ್ಜಿ ಉಜ್ಜಿ ಕಿತ್ತುಹಾಕಿದ. ತಿಂಗಳುಗಟ್ಟಲೆ ಮುಂಚಿನಿಂದ ರೂಢಿ ಮಾಡಿಸುವ ತಾಳ್ಮೆ ಇದ್ದವರಿಗೆ ಬೇಕಾದರೆ ಇರಲಿ.

ಮೈಗೆ ಬಿಗಿ ಬಟ್ಟೆ, ಗೋಡೆಗೆ ಡಿಫ್ಯೂಸರ್

ಎದೆ ಹೊಟ್ಟೆಯನ್ನು ಹದವಾಗಿ ಒತ್ತಿಹಿಡಿಯುವ ಅಂಗಿ ಒಂದು. ಪ್ಲಗ್‌ಗೆ ಸಿಕ್ಕಿಸಿದರೆ ಫೆರೊಮೋನ್ (ಪ್ರಾಣಿಗಳು ತಮ್ಮ ಜಾತಿಯವಕ್ಕೆ ಸುಳಿವು ಕೊಡಲು ಹೊರಬಿಡುವ ರಾಸಾಯನಿಕ) ಹರಡುವ ಸಾಧನ, ಅಂದರೆ ಡಿಫ್ಯೂಸರ್, ಇನ್ನೊಂದು. ಎರಡನ್ನೂ ಬೇರೆ ಬೇರೆ ವರ್ಷ ಬಳಸಿದೆವು.

ಅಂಗಿ ಹಾಕಿದ ಕೂಡಲೇ ಚಿಂಟು ನಿಂತಲ್ಲೇ ನಿಂತ. ನೋಡಿದವರೆಲ್ಲ ಎಷ್ಟು ಶಾಂತವಾಗಿದ್ದಾನೆ ಅಂದರು. ನೆಲದ ಮೇಲೆ ಅವನ ಕಾಲಡಿ ಒದ್ದೆ ಅಚ್ಚು ಎಂದಿನಂತೆಯೇ ಇತ್ತು, ತಿಂಡಿ ಹಾಗೇ ಬಿದ್ದಿತ್ತು. ಹಗಲು ಹೊತ್ತಿನಲ್ಲಿ, ಸದ್ದಿಲ್ಲದಾಗ, ತಿಂಡಿ ಕೊಡುತ್ತಾ ರೂಢಿ ಮಾಡಿಸಿದ ಮೇಲೆ ಸ್ವಲ್ಪ ಉಪಯೋಗ ಕಂಡಿತು. ನಡುಕ ಕಡಿಮೆಯಾಯಿತು. ಡಿಫ್ಯೂಸರ್‌ನಿಂದ ಚಿಂಟುವಿನಲ್ಲಾಗಲಿ ಮಿನ್ನಿಯಲ್ಲಾಗಲಿ ನಾನು ಯಾವ ವ್ಯತ್ಯಾಸವನ್ನೂ ಕಾಣಲಿಲ್ಲ.

ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದ ಸ್ಟೆಫನಿ ರೀಮರ್ 2020ರಲ್ಲಿ ಪ್ರಕಟಿಸಿದ ಸಮೀಕ್ಷೆ ನಮ್ಮ ಅನುಭವಕ್ಕೆ ಹತ್ತಿರವಿದೆ. 1,225 ನಾಯಿಗಳ ಯಜಮಾನರನ್ನು ಅವರು ಕೇಳಿದ್ದರು. ಬಿಗಿ ಅಂಗಿಯಿಂದ ಗುಣ ಕಂಡಿತು ಅಂದವರು 44 ಶೇಕಡ. ಫೆರೊಮೋನ್, ಗಿಡಮೂಲಿಕೆ, ಹೋಮಿಯೋಪತಿ ಮುಂತಾದವುಗಳಿಗೆ ಸಿಕ್ಕಿದ್ದು 27ರಿಂದ 35 ಶೇಕಡ. ಕೊಟ್ಟವರ ನಂಬಿಕೆಯಿಂದಲೇ ಅಷ್ಟು ಅಂಕ ಬರುವುದುಂಟು. ಅಂಗಡಿಯಿಂದ ತರಲು ಸುಲಭವಾದವೇ ಕೆಳಗಿನ ಸಾಲಿನಲ್ಲಿವೆ ಅನ್ನುವುದು ನನಗೆ ಬೇಸರದ ಸಂಗತಿ. ಯಾಕೆಂದರೆ ಹೆಚ್ಚಿನವರು ಅವುಗಳನ್ನೇ ಮೊದಲು ತರುತ್ತಾರೆ, ಫಲ ಕಾಣದೆ ಕೈಚೆಲ್ಲುತ್ತಾರೆ.

ಢಂ ಅಂದ ಕೂಡಲೇ ತಿಂಡಿ

ಅದೇ ಸಮೀಕ್ಷೆಯಲ್ಲಿ 70 ಶೇಕಡಕ್ಕಿಂತ ಹೆಚ್ಚು ಜನ ಒಪ್ಪಿದ್ದು ಇದನ್ನು. ನನ್ನ ಲೆಕ್ಕದಲ್ಲೂ ಇದಕ್ಕೇ ಮೊದಲ ಸ್ಥಾನ. ಮಾಡುವುದು ಬಲು ಸರಳ. ಸದ್ದಾಯಿತು, ತಕ್ಷಣ ಬಾಯಿಗೆ ಒಂದು ಚೂರು ಬೇಯಿಸಿದ ಕೋಳಿ. ಮತ್ತೆ ಸದ್ದು, ಮತ್ತೊಂದು ಚೂರು. ದಿನಾ ಸಿಗುವ ಬಿಸ್ಕೆಟ್ ಸಾಲದು, ಬೇರೆ ದಿನ ಸಿಗದ ತಿಂಡಿಯೇ ಆಗಬೇಕು. ತಿಂಡಿಯ ಬದಲು ಆಟ ಇಷ್ಟಪಡುವ ನಾಯಿಗೆ ಚೆಂಡೂ ಆಗುತ್ತದೆ.

ಇಲ್ಲಿ ಮೊದಲು ಯಾವುದು, ಆಮೇಲೆ ಯಾವುದು ಅನ್ನುವುದರಲ್ಲೇ ಎಲ್ಲ ಇದೆ. ಸದ್ದು ಮೊದಲು, ತಿಂಡಿ ಆಮೇಲೆ. ತಿಂಡಿ ಕೊಡುತ್ತಿರುವಾಗ ಸದ್ದಾದರೆ ಪಾಠ ತಿರುಗುಮುರುಗಾಗುತ್ತದೆ, ತಿಂಡಿ ಕಂಡರೇ ನಾಯಿ ಹಿಂದೆ ಸರಿಯತೊಡಗುತ್ತದೆ. ಚಿಂಟು ಜೊತೆ ನಾನು ದೂರದ ಸಣ್ಣ ಸದ್ದುಗಳಿಂದ ಶುರು ಮಾಡಿದೆ. ಸಂಜೆ ಎಲ್ಲೋ ಒಂದು ಟಪ್ ಅಂದರೂ ಕೈ ಡಬ್ಬಿಗೆ ಹೋಗುತ್ತಿತ್ತು. ಕೆಲವು ದಿನಗಳಾದ ಮೇಲೆ ಒಂದು ಹೊಸದನ್ನು ಕಂಡೆ. ಸದ್ದಾದಾಗ ಅವನ ಕಿವಿ ಹಿಂದಕ್ಕೆ ಹೋಯಿತು, ಮರುಕ್ಷಣ ತಲೆ ನನ್ನ ಕಡೆ ತಿರುಗಿತು. ಬಾಲ ಇನ್ನೂ ಕೆಳಗೇ ಇತ್ತು, ಕಣ್ಣು ಮಾತ್ರ ನನ್ನ ಕೈ ಮೇಲೆ. ಬೇರೆ ಯಾವ ಉಪಾಯದಲ್ಲೂ ನಾನು ಇದನ್ನು ಕಂಡಿರಲಿಲ್ಲ.

ಹೆದರಿದಾಗ ತಿಂಡಿ ಕೊಟ್ಟರೆ, ಮುದ್ದು ಮಾಡಿದರೆ ಹೆದರಿಕೆಗೆ ಬಹುಮಾನ ಕೊಟ್ಟಂತೆ ಅಂತ ಹೇಳುವವರು ಇವತ್ತಿಗೂ ಇದ್ದಾರೆ. ಅದು ನಿಜವಲ್ಲ. ಹೆದರಿಕೆ ಬೇಕಂತ ಮಾಡುವ ಚೇಷ್ಟೆಯಲ್ಲ, ತಿಂಡಿ ಸಿಕ್ಕಿತು ಅಂತ ಯಾವ ಪ್ರಾಣಿಯೂ ಇನ್ನಷ್ಟು ಹೆದರುವುದಿಲ್ಲ. ನಿಮ್ಮ ನಾಯಿ ಹತ್ತಿರ ಬಂದು ಒರಗಿ ಕೂತರೆ ಧಾರಾಳವಾಗಿ ತಬ್ಬಿಕೊಳ್ಳಿ.

ಇದಕ್ಕೆ ಪೈಪೋಟಿ ಕೊಡುವುದು ರೆಕಾರ್ಡ್ ಮಾಡಿದ ಪಟಾಕಿ ಸದ್ದಿನ ಅಭ್ಯಾಸ. ನಾಯಿ ಕಿವಿಯನ್ನೂ ನಿಮಿರಿಸದಷ್ಟು ಮೆಲ್ಲಗೆ ಹಾಕಿ, ತಿಂಡಿ ಕೊಟ್ಟು, ವಾರಗಟ್ಟಲೆ ನಿಧಾನಕ್ಕೆ ಏರಿಸುತ್ತಾ ಹೋಗಬೇಕು. ಅವಸರಪಟ್ಟು ಏರಿಸಿದರೆ ಇದ್ದ ಹೆದರಿಕೆ ಹೆಚ್ಚುತ್ತದೆ. ಚಿಂಟು ಸ್ಪೀಕರಿನ ಸದ್ದಿಗೆ ಪೂರ್ತಿ ಒಗ್ಗಿಕೊಂಡ, ಹೊರಗಿನ ನಿಜವಾದ ಪಟಾಕಿಗೆ ಅರ್ಧದಷ್ಟು. ಸ್ಪೀಕರಿನಲ್ಲಿ ಬೆಳಕಿಲ್ಲ, ಮದ್ದಿನ ವಾಸನೆಯಿಲ್ಲ, ನೆಲದ ನಡುಕವಿಲ್ಲ. ಮರಿ ನಾಯಿಗೆ, ಇನ್ನೂ ಹೆದರಿಕೆ ಶುರುವಾಗದ ನಾಯಿಗೆ ಇದು ಒಳ್ಳೆಯದು. ಈಗಾಗಲೇ ತುಂಬಾ ಹೆದರುವ ನಾಯಿಗೆ ಇದೊಂದೇ ಸಾಕಾಗುವುದಿಲ್ಲ.

ಔಷಧಿ

ತಿಂಡಿಯ ಉಪಾಯಕ್ಕೆ ಒಂದು ಮಿತಿ ಇದೆ. ಬಾಯಿಗೇ ಹಾಕಿಕೊಳ್ಳದಷ್ಟು ಹೆದರಿದ ನಾಯಿಗೆ ಅದು ಮುಟ್ಟುವುದಿಲ್ಲ. ಪಟಾಕಿ ತೀರಾ ಹತ್ತಿರದಲ್ಲಿ, ಎಡೆಬಿಡದೆ ಸಿಡಿಯುವ ರಾತ್ರಿ ಚಿಂಟು ಹಾಗಾಗುತ್ತಿದ್ದ. ಆಗ ವೈದ್ಯರು ಆತಂಕ ತಗ್ಗಿಸುವ ಟ್ರಾಜೊಡೋನ್ ಮಾತ್ರೆ ಬರೆದುಕೊಟ್ಟರು. ಸದ್ದು ಶುರುವಾಗುವ ಮೊದಲೇ ಕೊಡಬೇಕು ಅಂದರು, ಹೆದರಿದ ಮೇಲೆ ಕೊಟ್ಟರೆ ಅಷ್ಟು ಹಿಡಿಯುವುದಿಲ್ಲ. ಮೊದಲು ಒಂದು ಸಾಮಾನ್ಯ ದಿನ ಕೊಟ್ಟು ನೋಡಿ ಅಂತಲೂ ಹೇಳಿದರು. ಹಾಗೇ ಮಾಡಿದೆವು. ಸ್ವಲ್ಪ ತೂಕಡಿಸಿದ, ನಡೆ ಕೊಂಚ ಓಲಾಡಿತು, ಬೇರೇನೂ ಆಗಲಿಲ್ಲ. ಪಟಾಕಿಯ ರಾತ್ರಿ ಅವನು ಬಚ್ಚಲಲ್ಲೇ ಇದ್ದ, ಪ್ರತಿ ಢಂಗೂ ಕೋಳಿ ಚೂರು ತಿಂದ. ನನಗೆ ಕಣ್ಣು ತುಂಬಿಬಂತು.

ಹೆದರಿಕೆಗೇ ಅಂತ ಮಾಡಿದ ಔಷಧಿಗಳೂ ಇವೆ. ಡೆಕ್ಸ್‌ಮೆಡಿಟೊಮಿಡಿನ್ ಜೆಲ್‌ಗೆ ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ಕೆನ್ನೆ ಮತ್ತು ಒಸಡಿನ ನಡುವೆ ಹಚ್ಚಬೇಕು, ನುಂಗಿಸಿದರೆ ಕೆಲಸ ಮಾಡುವುದಿಲ್ಲ, ಹಚ್ಚುವವರು ಕೈಗವಸು ಹಾಕಿಕೊಳ್ಳಬೇಕು. ಬೆಕ್ಕುಗಳಿಗೆ ವೈದ್ಯರು ಸಾಮಾನ್ಯವಾಗಿ ಗಾಬಾಪೆಂಟಿನ್ ಕೊಡುತ್ತಾರೆ. ಒಂದು ಔಷಧಿಯ ಬಗ್ಗೆ ಮಾತ್ರ ವೈದ್ಯರನ್ನು ಗಟ್ಟಿಯಾಗಿ ಕೇಳಿ. ಏಸ್‌ಪ್ರೊಮಜಿನ್ ಒಂದನ್ನೇ ಕೊಟ್ಟರೆ ನಾಯಿ ಕಲ್ಲಿನಂತೆ ಬಿದ್ದಿರುತ್ತದೆ, ಒಳಗಿನ ಭಯ ಹಾಗೇ ಇರುತ್ತದೆ. ಸುಮ್ಮನಾಗುವುದಕ್ಕೂ ಸಮಾಧಾನಕ್ಕೂ ಇರುವ ಅಂತರ ಅಂದೆನಲ್ಲ, ಅದು ಇಲ್ಲಿ ಎದ್ದು ಕಾಣುತ್ತದೆ. ಮನೆಯಲ್ಲಿರುವ ಮನುಷ್ಯರ ಮಾತ್ರೆ, ದ್ರವ ಏನನ್ನೂ ಕೊಡಬೇಡಿ. ಮನುಷ್ಯರಿಗಾಗಿ ಮಾಡಿದ ಗಾಬಾಪೆಂಟಿನ್ ದ್ರವದಲ್ಲಿ ಸೈಲಿಟಾಲ್ ಅನ್ನುವ ಸಿಹಿಕಾರಕ ಇರುವುದುಂಟು, ನಾಯಿಗೆ ಅದು ವಿಷ.

ಔಷಧಿ ಅಂದರೆ ಕೊನೆಯ ದಾರಿ ಅಂತ ಜನ ಮುಂದೂಡುತ್ತಾರೆ. ನನ್ನ ಅಭಿಪ್ರಾಯ ಬೇರೆ. ತಿಂಡಿ ಮುಟ್ಟದಷ್ಟು ಹೆದರುವ ಪ್ರಾಣಿಗೆ ಔಷಧಿಯೇ ಮೊದಲ ದಾರಿಯಾಗಬೇಕು, ಆಗ ಉಳಿದ ಉಪಾಯಗಳೂ ಹಿಡಿಯುತ್ತವೆ. ವಯಸ್ಸಾದ ನಾಯಿ ಇದ್ದಕ್ಕಿದ್ದಂತೆ ಸದ್ದಿಗೆ ಹೆದರಲು ಶುರು ಮಾಡಿದರಂತೂ ಕೀಲು, ಬೆನ್ನು ನೋವಿದೆಯಾ ಅಂತ ಪರೀಕ್ಷೆ ಮಾಡಿಸಲೇಬೇಕು. ಬೆಚ್ಚಿದಾಗ ಮೈ ಬಿಗಿಯಾಗಿ ನೋವು ಹೆಚ್ಚುತ್ತದೆ, ಸದ್ದಿಗೂ ನೋವಿಗೂ ಗಂಟು ಬೀಳುತ್ತದೆ.

ಮೊಲ, ಹಕ್ಕಿ

ತಂಗಿಯ ಮೊಲ ಒಮ್ಮೆ ಪಟಾಕಿ ಕಾಲದಲ್ಲಿ ನಮ್ಮಲ್ಲಿತ್ತು. ಹಿಂಗಾಲನ್ನು ನೆಲಕ್ಕೆ ಧಪ್ ಅಂತ ಬಡಿದು ಆಮೇಲೆ ಮರಗಟ್ಟಿ ಕೂರುತ್ತಿತ್ತು. ಗೂಡಿನ ಮೂರು ಬದಿಗೆ ಕಂಬಳಿ, ಒಳಗೆ ಹುದುಗಿಕೊಳ್ಳುವಷ್ಟು ಒಣಹುಲ್ಲು, ಇಷ್ಟು ಸಾಕಾಯಿತು. ಮೊಲ ಅರ್ಧ ದಿನ ಏನೂ ತಿನ್ನದಿದ್ದರೆ ಕರುಳು ನಿಂತುಹೋಗುವ ಅಪಾಯವಿದೆ, ಬೆಳಗಾಗಲಿ ಅಂತ ಕಾಯದೆ ವೈದ್ಯರ ಹತ್ತಿರ ಹೋಗಬೇಕು. ಪಂಜರದ ಹಕ್ಕಿ ಇದ್ದರೆ ಪೂರ್ತಿ ಕತ್ತಲು ಮಾಡಬೇಡಿ. ಕತ್ತಲಲ್ಲಿ ಬೆಚ್ಚಿ ಹಾರಿ ಸರಳಿಗೆ ಬಡಿದುಕೊಳ್ಳುತ್ತದೆ, ಕಾಕಟೀಲ್ ಅನ್ನುವ ಪುಟ್ಟ ಗಿಳಿ‌ಗಳಿಗಂತೂ ಇದು ಜಾಸ್ತಿ. ಕೂರುವ ಕೋಲು ಕಾಣುವಷ್ಟು ಮಂದ ಬೆಳಕಿರಲಿ.

ಮರುದಿನ

ಉಪಾಯಗಳ ನಡುವಿನ ವ್ಯತ್ಯಾಸ ಬೆಳಿಗ್ಗೆ ಇನ್ನೂ ಸ್ಪಷ್ಟವಾಗುತ್ತದೆ. ಬರೀ ಫ್ಯಾನು ಅಥವಾ ಬರೀ ಅಂಗಿ ಇದ್ದ ವರ್ಷಗಳಲ್ಲಿ ಚಿಂಟು ಮಧ್ಯಾಹ್ನದವರೆಗೂ ಅಂಗಳಕ್ಕೆ ಇಳಿಯುತ್ತಿರಲಿಲ್ಲ. ಬಾಗಿಲ ಬಳಿ ನಿಂತು ಮೂಗು ಎತ್ತಿ ಗಾಳಿ ಮೂಸಿ ವಾಪಸ್ ಹೋಗುತ್ತಿದ್ದ. ತಿಂಡಿ ಮತ್ತು ಔಷಧಿ ಒಟ್ಟಿಗೆ ಕೊಟ್ಟ ವರ್ಷ ಬೆಳಗಾಗುತ್ತಲೇ ಇಳಿದ. ಹಾಗಂತ ಕೆಲವು ದಿನ ಹಗ್ಗ ಬಿಚ್ಚುವುದಿಲ್ಲ. ಉಳಿದ ಪಟಾಕಿಯನ್ನು ಯಾರಾದರೂ ಹಗಲಲ್ಲೇ ಹಚ್ಚಿಬಿಡುತ್ತಾರೆ, ಓಡಿಹೋದ ನಾಯಿ ಗಾಬರಿಯಲ್ಲಿ ತನ್ನ ಬೀದಿಯನ್ನೇ ಗುರುತಿಸುವುದಿಲ್ಲ. ಕುತ್ತಿಗೆಪಟ್ಟಿಯಲ್ಲಿ ನಮ್ಮ ಫೋನ್ ನಂಬರ್ ಇದೆ, ಚರ್ಮದಡಿ ಗುರುತಿನ ಮೈಕ್ರೋಚಿಪ್ ಹಾಕಿಸಿದ್ದೇವೆ. ಅವನನ್ನು ಇಳಿಸುವ ಮೊದಲು ನಾನೊಮ್ಮೆ ಅಂಗಳ ಸುತ್ತಿ ಸುಟ್ಟ ಕಾಗದ, ಸಿಡಿಯದೆ ಉಳಿದ ಪಟಾಕಿ, ಚೂಪು ಕಡ್ಡಿಗಳನ್ನು ಆರಿಸಿ ತೆಗೆಯುತ್ತೇನೆ. ಪಟಾಕಿಯ ಮದ್ದು ಹೊಟ್ಟೆಗೆ ಹೋದರೆ ಅದೂ ವಿಷವೇ.