ಮಡಚುವ ಚಾಕುವಿಗೆ ಯಾವ ಚೀಲ: ಚರ್ಮದ್ದೋ, ನೈಲಾನಿನದ್ದೋ?

ನನ್ನ ಹತ್ತಿರ ಇರುವುದು ಫ್ರಾನ್ಸಿನ ಒಪಿನೆಲ್ 8ನೇ ನಂಬರಿನ ಚಾಕು. ಅಲಗು 8.5 ಸೆಂಟಿಮೀಟರ್, ಹಿಡಿ ಮರದ್ದು. ಸುಮ್ನೆ ಜೇಬಿಗೆ ಹಾಕಿದರೆ ಬೀಗದ ಕೈ ಉಜ್ಜಿ ಹಿಡಿಯ ಮೇಲೆಲ್ಲ ಗೀರು. ಅದಕ್ಕೇ ಚೀಲ ಬೇಕು.

ದಿನಾ ಜೇಬಿನಲ್ಲಿ ಇಟ್ಟುಕೊಳ್ಳುವವರಿಗೆ ನಾನು ಹೇಳುವುದು ಚರ್ಮದ್ದೇ. ಒಂದೇ ತುಂಡು ಮಡಚಿ, ಎರಡು ಬದಿ ಮೇಣದ ದಾರದಲ್ಲಿ ಹೊಲಿದದ್ದು ಸಾಕು. ಮುಚ್ಚಳ, ಗುಂಡಿ ಬೇಡ. ಹೊಸದರಲ್ಲಿ ಬಿಗಿ ಇರುತ್ತದೆ. ಬಳಸುತ್ತಾ ಚಾಕುವಿನ ಆಕಾರಕ್ಕೆ ಒಗ್ಗುತ್ತದೆ. ನನ್ನದು ಈಗ ತಲೆಕೆಳಗು ಹಿಡಿದರೂ ಜಾರುವುದಿಲ್ಲ. ನೈಲಾನಿಗೆ ಆ ಹಿಡಿತ ಬರುವುದೇ ಇಲ್ಲ.

ಆದರೆ ಚರ್ಮ ತೇವ ಹಿಡಿದುಕೊಳ್ಳುತ್ತದೆ, ಅದೇ ತೊಂದರೆ. ಒಪಿನೆಲ್ ಕಾರ್ಬನ್ ಸ್ಟೀಲಿನಲ್ಲೂ ಸಿಗುತ್ತದೆ, ಸ್ಟೇನ್‌ಲೆಸ್‌ನಲ್ಲೂ ಸಿಗುತ್ತದೆ. ನನ್ನದು ಕಾರ್ಬನ್. ಒಂದು ಮಳೆಗಾಲ ಪೂರ್ತಿ ಚೀಲದಲ್ಲೇ ಬಿಟ್ಟಿದ್ದೆ. ತೆಗೆದು ನೋಡಿದರೆ ಅಲಗಿನ ಬೆನ್ನ ಮೇಲೆ ಸಾಸಿವೆ ಕಾಳಿನಷ್ಟು ತುಕ್ಕಿನ ಚುಕ್ಕಿಗಳು. ತುಂಬಾ ಬೇಜಾರಾಯಿತು. ಈಗ ಚೆನ್ನಾಗಿ ಒರೆಸಿ, ಹೊಲಿಗೆ ಮೆಷಿನ್ ಎಣ್ಣೆ ಒಂದು ಹನಿ ಸವರುತ್ತೇನೆ. ಜಾಸ್ತಿ ದಿನ ಎತ್ತಿಡುವುದಾದರೆ ಚೀಲದಿಂದ ಹೊರಗೆ.

ನೈಲಾನ್ ಅಗ್ಗ, ನೆಂದರೂ ಬೇಗ ಒಣಗುತ್ತದೆ. ಮೀನು ಹಿಡಿಯುವವರಿಗೆ, ಗದ್ದೆಯಲ್ಲಿ ಓಡಾಡುವವರಿಗೆ ಅದೇ ಸರಿ. ಜೊತೆಗೆ ಅಲಗೂ ಸ್ಟೇನ್‌ಲೆಸ್ ಇರಲಿ.